ಬೆನ್ನು ನೋಡಿದೆ

ನಿನ್ನೆ ಮೊಮ್ಮಗಳು ಪೇಟೆಯಿಂದ ಒಂದು ಕೆಂಪು ಸಾಬೂನು ತಂದಳು. "ಆಯೀ, ಇದನ್ನ ಹಚ್ಚಿ ಝಳಕಾ ಮಾಡು, ತುರಿಕಿ ಹೋಗತೈತಿ" ಎಂದಳು. ಕಾಗದ ಬಿಚ್ಚಿದ್ದೇ ತಡ, ಔಷಧಿಯಂಥ ಆ ವಾಸನೆ ಮೂಗಿಗೆ ಬಡಿಯಿತು, ನನ್ನ ಹಳೆಯ ಹೊಟ್ಟೆಕಿಚ್ಚು ಎದ್ದು ಕೂತಿತು. ನಗಬೇಡಿ. ಸಾಬೂನಿನ ಮೇಲೆ ಸಿಟ್ಟು ಮಾಡಿಕೊಂಡು ಒಂದು ಇಡೀ ಬೇಸಿಗೆ ಕಳೆದವಳು ನಾನು.

ಇಸವಿ ಸಾವಿರದ ಒಂಬೈನೂರ ಅರವತ್ತರ ಸುಮಾರಿನ ಮಾತು. ನಾವು ಗೋಪನಕೊಪ್ಪದಲ್ಲಿದ್ದೆವು, ಆಗ ಅದು ಹಳ್ಳಿಯೇ. ನನ್ನ ಗಂಡ ಬೆಂಕಿ ಆರಿಸುವ ಠಾಣೆಯಲ್ಲಿ ನೌಕರ. ಠಾಣೆ ಎಂದರೆ ದೊಡ್ಡದೇನಲ್ಲ. ತಗಡಿನ ಶೆಡ್ಡು, ಒಂದು ಗಾಡಿ, ಆರು ಮಂದಿ, ಹಿಂದೆ ಒಂದು ಬಾವಿ. ಸುತ್ತಲಿನ ಹಳ್ಳಿಗಳಲ್ಲಿ ಬಣವೆಗೆ ಬೆಂಕಿ ಬಿದ್ದರೂ ಅವರೇ, ಹತ್ತಿಯ ಗೋದಾಮಿಗೆ ಬಿದ್ದರೂ ಅವರೇ. ಮನೆಗೆ ಬಂದರೆ ಮೈಯೆಲ್ಲ ಮಸಿ. ಕೋಟು ಜಾಡಿಸಿದರೆ ಒಲೆಯ ಬೂದಿ ಚೆಲ್ಲಿದಂತೆ. ನೀರು ಕಾಯಿಸುವುದು, ಬೆನ್ನು ತಿಕ್ಕುವುದು ನನ್ನ ಕೆಲಸ. ಬಯ್ಯುತ್ತಲೇ ತಿಕ್ಕುತ್ತಿದ್ದೆ. ಬಯ್ಯಲು ಅದಕ್ಕಿಂತ ಒಳ್ಳೆಯ ವೇಳೆ ಎಲ್ಲಿ ಸಿಗಬೇಕು? ಮೈಗೆ ನೀರು ಹಾಕಿಕೊಂಡ ಗಂಡಸು ಎದ್ದು ಹೋಗುವಂತಿಲ್ಲ. "ಈ ನೌಕರಿ ಬಿಡ್ರಿ, ಗಿರಣ್ಯಾಗ ಸೇರ್ರಿ" ಎಂದು ಪ್ರತಿ ಸಲವೂ ಅದೇ ಪಾಠ.

ಒಂದು ಬೇಸಿಗೆಯಲ್ಲಿ ಅದು ನಿಂತುಹೋಯಿತು. ಬೆಂಕಿ ಆರಿಸಲು ಹೋದ ನನ್ನ ಗಂಡ ಮೈ ತೊಳೆದುಕೊಂಡೇ ಮನೆಗೆ ಬರತೊಡಗಿದರು. ಮೈಗೆ ಹೊಗೆಯ ವಾಸನೆಯಿಲ್ಲ, ಇದೇ ಕೆಂಪು ಸಾಬೂನಿನ ವಾಸನೆ. ಕೋಟೂ ಮನೆಗೆ ಬರಲಿಲ್ಲ.

"ಎಲ್ಲಿ ಝಳಕಾ ಮಾಡಿ ಬಂದ್ರಿ?"

"ಠಾಣ್ಯಾಗ."

"ಇಷ್ಟ ದಿನಾ ಇಲ್ಲದ್ದು?"

"ಹೊಸಾ ಸಾಹೇಬ್ರ ಕಾಯ್ದೆ."

ಅಷ್ಟೇ. ಮಾತು ಕಡಿಮೆಯ ಮನುಷ್ಯ. ಮೇಲಾಗಿ ಅಂಥ ಸೆಕೆಯಲ್ಲೂ ಬನಿಯನ್ ಬಿಚ್ಚದೆ ಮಲಗತೊಡಗಿದರು, ಗೋಡೆಗೆ ಬೆನ್ನು ಮಾಡಿ. ಪಕ್ಕದ ಮನೆಯ ನಾಗವ್ವನಿಗೆ ಹೇಳಿದೆ. ಹೇಳಬಾರದಿತ್ತು.

"ಸಾಬೂನು ಹಚ್ಚಾಕೂ ಕಾಯ್ದೆ ಇರತೈತೇನ?" ಎಂದಳು ಎಲೆ ಅಡಿಕೆ ಜಗಿಯುತ್ತ. "ಯಾವಾಕಿ ತಿಕ್ಕತಾಳ ನೋಡವ್ವಾ."

ಆ 'ಯಾವಾಕಿ'ಗೆ ನಾನೇ ಮುಖ ಕೊಟ್ಟೆ, ಸೀರೆ ಉಡಿಸಿದೆ, ಮೂಗುತಿಯನ್ನೂ ಇಟ್ಟೆ. ನನಗಿಂತ ಬೆಳ್ಳಗಿನವಳು, ಬಯ್ಯದೆ ತಿಕ್ಕುವವಳು. ರೊಟ್ಟಿ ಬಡಿಯುವಾಗ ಅವಳನ್ನೇ ಬಡಿಯುತ್ತಿದ್ದೆ. ರೊಟ್ಟಿ ಹರಿಯುತ್ತಿತ್ತು.

ಒಂದು ಮಧ್ಯಾಹ್ನ ಗಾಡಿ ಠಾಣೆಗೆ ಮರಳಿದ್ದು ಕಂಡಿತು. ಸೆರಗು ಬಿಗಿದು ನಡೆದೆ. ಇವತ್ತು ಅವಳ ತುರುಬು ನನ್ನ ಕೈಯಲ್ಲಿ ಎಂದುಕೊಂಡು ಶೆಡ್ಡಿನ ಹಿಂದೆ ಹೋದರೆ, ಬಾವಿಕಟ್ಟೆಯ ಮೇಲೆ ನನ್ನ ಗಂಡ ಚಡ್ಡಿಯಲ್ಲಿ ಕೂತಿದ್ದಾರೆ. ಬೆನ್ನು ತಿಕ್ಕುತ್ತಿರುವವನು ಯಲ್ಲಪ್ಪ, ಅವರ ಜೋಡಿ ನೀರಿನ ಪೈಪು ಹಿಡಿಯುವವನು, ದಪ್ಪ ಮೀಸೆಯ ಆಳು. ಅವನ ಕೈ ಒಂದು ಕಡೆ ಮಾತ್ರ ಸುತ್ತು ಹಾಕಿಕೊಂಡು ಹೋಗುತ್ತಿತ್ತು. ಎಡ ಭುಜದ ಕೆಳಗೆ ಅಂಗೈಯಷ್ಟು ಅಗಲ ಸುಟ್ಟ ಗಾಯ.

"ಅಯ್ಯ, ವೈನಿ ಬಂದ್ರು!" ನನ್ನನ್ನು ಅತ್ತಿಗೆಯೆಂದೇ ಕರೆಯುವ ಯಲ್ಲಪ್ಪ ಸಾಬೂನು ಕೆಡವಿದ.

"ಇದೇನ್ರಿ ಬೆನ್ನ ಮ್ಯಾಲೆ?" ಗಂಡನನ್ನು ಕೇಳಿದೆ.

"ಹತ್ತಿ ಗೋದಾಮಿಂದು. ಹೇಳಿದ್ರ ನೌಕರಿ ಬಿಡಸ್ತಿದ್ದಿ."

"ಇವಗ ಗೊತ್ತು, ನನಗ ಗೊತ್ತಿಲ್ಲ!"

ಯಲ್ಲಪ್ಪ ಒಳಗಿನಿಂದ ಒಂದು ಪುಸ್ತಕ ತಂದ. "ಬೆನ್ನ ಸುಟ್ಟದ್ದು ಸುಟ್ಟವಗ ತಿಳಿಯೂದಿಲ್ರಿ ವೈನಿ, ಆ ಗಡಿಬಿಡ್ಯಾಗ. ಅದಕ್ಕ ಜೋಡಿನವ ತೊಳದು, ನೋಡಿ, ಬರೀಬೇಕು. ಮಸಿ ಮನಿಗೆ ಒಯ್ಯೂಹಂಗಿಲ್ಲ. ಎದಿಗೆ ಕೆಟ್ಟದ್ದಂತ, ನಿಮಗೂ."

ಅಕ್ಷರ ಕೂಡಿಸಿ ಓದುವಷ್ಟು ನನಗೆ ಬರುತ್ತಿತ್ತು. ಬೆರಳಿಟ್ಟು ಓದಿದೆ. ಸಾಲುಸಾಲಿಗೂ ಒಂದೇ ಮಾತು. ಬೆನ್ನು ನೋಡಿದೆ, ಯಲ್ಲಪ್ಪ. ಬೆನ್ನು ನೋಡಿದೆ, ಯಲ್ಲಪ್ಪ.

ಹೆಂಗಸಾಗಿದ್ದರೆ ತುರುಬು ಹಿಡಿಯಬಹುದಿತ್ತು. ಇವನದೇನು ಹಿಡಿಯಲಿ, ನೀವೇ ಹೇಳಿ. ಕಾಯ್ದೆ ಸರಿಯಾದದ್ದೇ, ಗಾಯಕ್ಕೆ ಅಂದೇ ಔಷಧಿ ಬಿದ್ದದ್ದು ಅದರಿಂದಲೇ. ಸರಿಯಾದದ್ದು ಎಂದು ಗೊತ್ತಾದ ಮೇಲೆ ನನ್ನ ಹೊಟ್ಟೆ ಇನ್ನಷ್ಟು ಉರಿಯಿತು. ನೌಕರಿ ಬಿಡಿ ಎನ್ನುವುದನ್ನೂ ನಿಲ್ಲಿಸಿದೆ. ಹೇಳಲು ಬೆನ್ನೇ ಕೈಯಲ್ಲಿರಲಿಲ್ಲ. ಯಲ್ಲಪ್ಪ ಮನೆಗೆ ಬಂದರೆ ಚಹಾಕ್ಕೆ ಸಕ್ಕರೆ ಕಡಿಮೆ ಹಾಕುತ್ತಿದ್ದೆ. ಕುಡಿದು, "ಛಲೋ ಆಗೇದರಿ ವೈನಿ" ಎನ್ನುತ್ತಿದ್ದ. ಅದಕ್ಕೂ ಸಿಟ್ಟು ಬರುತ್ತಿತ್ತು.

ಎಷ್ಟೋ ವರ್ಷಗಳ ಮೇಲೆ ನಮ್ಮವರು ತೀರಿಕೊಂಡರು. ಮೈ ತೊಳೆಯುವ ಹೊತ್ತಿಗೆ ಯಲ್ಲಪ್ಪ ತೋಳು ಮೇಲೇರಿಸಿ ಬಂದ.

"ವೈನಿ, ಬೆನ್ನ ನಾ ತೊಳೀಲೇನ್ರಿ?"

"ಬ್ಯಾಡ. ಇವತ್ತ ನನ್ನ ಪಾಳಿ."

ಅವನು ತಂಬಿಗೆಯನ್ನು ನನ್ನ ಕೈಗೆ ಕೊಟ್ಟು ಸರಿದ. ಗೆದ್ದೆ ಎನಿಸಿತು. ತಿರುಗಿ ನೋಡಿದರೆ, ನನಗೆ ನೀರು ಸಾಲದೆಂದು ಕೊಡ ಹೊತ್ತು ತರುತ್ತಿದ್ದ.

ಯಲ್ಲಪ್ಪ ಇನ್ನೂ ಇದ್ದಾನೆ, ಎರಡು ಓಣಿ ಆಚೆ. ಹೆಂಡತಿ ತೀರಿಹೋಗಿ ಬಹಳ ದಿನವಾಯಿತು. ಇವತ್ತು ಬೆಳಿಗ್ಗೆ ದಾರ ಹಾಕಿ ಸಾಬೂನನ್ನು ಎರಡು ಹೋಳು ಮಾಡಿದೆ. ಒಂದನ್ನು ಮೊಮ್ಮಗಳ ಕೈಯಲ್ಲಿಟ್ಟೆ.

"ಯಲ್ಲಪ್ಪಜ್ಜಗ ಕೊಟ್ಟ ಬಾ."

"ಏನಂತ ಹೇಳ್ಲಿ, ಆಯೀ?"

"ನಿನ್ನ ಬೆನ್ನ ಈಗ ಯಾರ ನೋಡತಾರಂತ ಕೇಳು."

ಅವಳು ಹೋದಳು. ದೊಡ್ಡ ಹೋಳು ನನ್ನ ಹತ್ತಿರವೇ ಇದೆ.