ಆರು ಬಿರಡೆಯ ಬೇಸ್ ಗಿಟಾರು

ಗಿಟಾರು ಕಂಡ ಕೂಡಲೇ ಅದರ ತಂತಿ ಎಣಿಸುವ ಚಟ ನಮ್ಮ ಕಡೆಯವರಿಗೆ ಎಲ್ಲಿಂದ ಅಂಟಿತೋ ನಾನರಿಯೆ. ಎಪ್ಪತ್ತರ ದಶಕದ ಕೊನೆಗೆ, ಹಾನಗಲ್ಲಿನಲ್ಲಿ ಶಾಲಾ ಮಾಸ್ತರನಾಗಿದ್ದ ನಾನು ಆರ್ಕೆಸ್ಟ್ರಾವೊಂದರಲ್ಲಿ ಬೇಸ್ ಗಿಟಾರು ನುಡಿಸತೊಡಗಿದಂದಿನಿಂದ, ಸವಣೂರಿನ ಮದುವೆಯಿರಲಿ, ಹಿರೇಕೆರೂರಿನ ಗಣೇಶೋತ್ಸವವಿರಲಿ, ಯಾರಾದರೊಬ್ಬ ಸಹೃದಯರು ವೇದಿಕೆಗೆ ಬಂದು, ಬೆರಳು ಮಡಿಸಿ ಎಣಿಸಿ, "ನಾಕ ಅದಾವಲ್ರಿ ಮಾಸ್ತರ, ಇನ್ನೆರಡು ಎಲ್ಲಿ?" ಎಂದು ಕೇಳಿಯೇ ಕೇಳುವರು. ಆರು ತಂತಿ ಮಾಮೂಲಿ ಗಿಟಾರಿಗೆ, ಬೇಸ್ ಗಿಟಾರಿಗೆ ನಾಲ್ಕೇ ಎಂದು ನಿವೇದಿಸಿಕೊಂಡರೆ, 'ಪಾಪ, ಬಡ ಮಾಸ್ತರ' ಎಂಬ ಕನಿಕರ ಅವರ ಮುಖದ ಮೇಲೆ ಹಾಯುತ್ತಿತ್ತು. ನನ್ನ ಮಂದ್ರಸ್ವರವಂತೂ ಗಾಯಕರ ಉಚ್ಚಕಂಠ ಮತ್ತು ಊಟದ ಪಂಕ್ತಿಯ ಗದ್ದಲದ ನಡುವೆ ಯಾವ ಕಿವಿಗೂ ಬಿದ್ದದ್ದಿಲ್ಲ.

ಇಂಥ ನಿಷ್ಫಲ ವಾದ್ಯ ನನ್ನ ಬಳಿ ಒಂದಲ್ಲ, ಎರಡಿದ್ದವು ನೋಡಿ! ಒಂದು ಹುಬ್ಬಳ್ಳಿಯ ಅಂಗಡಿಯದು, ಕೆಂಪು ಸುಂದರಿ. ಅದು ಕೆಟ್ಟು ರಿಪೇರಿಗೆ ಹೊರಟಾಗ, ತಿಳವಳ್ಳಿಯ ಬಡಿಗ ಈರಪ್ಪ ಅದರ ಅಳತೆ ತೆಗೆದುಕೊಂಡು, ಬಾಗಿಲು ತೊಟ್ಟಿಲು ಮಾಡುವ ಅದೇ ಕೈಯಿಂದ ಸಾಗುವಾನಿಯಲ್ಲಿ ಇನ್ನೊಂದನ್ನು ಮಾಡಿಕೊಟ್ಟ. ಅದಕ್ಕೆ ಬಾಗಿಲಿನದೇ ತೂಕ, ಅಂಚಿಗೆ ಹೂಬಳ್ಳಿಯ ಕೆತ್ತನೆ, ತುದಿಗೆ ತಂತಿ ಬಿಗಿಯುವ ಬಿರಡೆ ಆರು! ಯಾಕಪ್ಪಾ ಎಂದರೆ, "ಜಾಗಾ ಇರ್ಲಿ ಬಿಡ್ರಿ, ಉಳದ ತಂತಿ ಕೈಗೂಡಿದಾಗ ತಂದ್ರಾತು" ಎಂದು ಬೆನ್ನು ತಟ್ಟಿದ.

ಎಂಬತ್ತರ ದಶಕ ಕಣ್ಣು ಬಿಡುವಷ್ಟರಲ್ಲಿ ಆರ್ಕೆಸ್ಟ್ರಾ ಕಣ್ಣು ಮುಚ್ಚಿತು. ಮನೆಯಲ್ಲಿ ಒಂದೇ ಕೋಣೆ, ಮಗಳು ಅಂಬೆಗಾಲಿಡುತ್ತಿದ್ದಳು. ಗೋಡೆಗೆ ಒರಗಿದ ಗಿಟಾರು ಮೈಮೇಲೆ ಬಿದ್ದರೆ ಏನು ಗತಿ? "ಎರಡರಾಗ ಒಂದ ಇಟಗೊಳ್ರಿ" ಎಂದಳು ಹೆಂಡತಿ ಶಾಂತಾ. ವಾರವಿಡೀ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ತೂಗಿದೆ. ಈರಪ್ಪನ ಪ್ರೀತಿ ಒಂದು ಕಡೆ, ಆರು ಬಿರಡೆಯಿಂದಾದ ನಗೆಪಾಟಲು ಇನ್ನೊಂದು ಕಡೆ. ಕೊನೆಗೆ ನನ್ನ ಜಂಬವೇ ಗೆದ್ದು, ಕೆಂಪು ಸುಂದರಿಯನ್ನು ಉಳಿಸಿಕೊಳ್ಳುವುದೆಂದು ನಿಶ್ಚಯಿಸಿದೆ.

ಭಾನುವಾರ ಮಧ್ಯಾಹ್ನ ಇನ್ನೊಂದನ್ನು ಕೊಳ್ಳಲು ಶಿಗ್ಗಾಂವಿಯಿಂದ ಒಬ್ಬ ತರುಣ ಬಂದ. ಈರಪ್ಪನ ಗಿಟಾರನ್ನು ನಾನು ಜಮಖಾನೆಯಲ್ಲಿ ಸುತ್ತುತ್ತಿದ್ದಾಗ ಶಾಂತಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಅಯ್ಯ, ಅದನ್ಯಾಕ ಕೊಡಾಕತ್ತೀರಿ? ಅದು ಹೋದ್ರ ಕೂಸು ಮಲಗೂದಿಲ್ಲ!"

ಅವಳು ಕೈ ಒರೆಸಿಕೊಂಡು ಜಮಖಾನೆ ಬಿಚ್ಚಿದಳು, ರಚ್ಚೆ ಹಿಡಿದಿದ್ದ ಮಗಳನ್ನು ಈರಪ್ಪನೇ ಮಾಡಿದ್ದ ತೊಟ್ಟಿಲಿಗೆ ಹಾಕಿದಳು, ಗಿಟಾರಿನ ತಲೆಯನ್ನು ತೊಟ್ಟಿಲಿನ ಪಟ್ಟಿಗೆ ಒತ್ತಿ ಹಿಡಿದು, ಎಲ್ಲಕ್ಕಿಂತ ದಪ್ಪ ತಂತಿಯನ್ನು ಹೆಬ್ಬೆರಳಿನಿಂದ ಮೀಟಿದಳು. ಕರೆಂಟಿಲ್ಲದ ಬೇಸಿನ ಸದ್ದು ಅಷ್ಟಕ್ಕಷ್ಟೇ. ಆದರೆ ತೊಟ್ಟಿಲಿನ ಹಲಗೆಯ ಮೇಲೆ ಕೈಯಿಟ್ಟೆ ನೋಡಿ, ಮರವೆಲ್ಲ ಮೆಲ್ಲಗೆ ನಡುಗುತ್ತಿತ್ತು. ಮಗಳು ಬಾಯೊಳಗೆ ಬೆರಳಿಟ್ಟು ರೆಪ್ಪೆ ಇಳಿಸಿದಳು. ನಾನು ಶಾಲೆಯಲ್ಲಿದ್ದಾಗ ದಿನಾ ನಡೆಯುವುದು ಇದೇ ಅಂತೆ. "ಕೆಂಪಂದೂ ಹಚ್ಚಿ ನೋಡೇನ್ರಿ, ಅದಕ್ಕ ಮಲಗೂದಿಲ್ಲ" ಎಂದಳು ಶಾಂತಾ.

ಇಷ್ಟು ವರ್ಷ ಯಾರೂ ಕೇಳದ ಆ ಸ್ವರಕ್ಕೆ ನನ್ನ ಮನೆಯಲ್ಲೇ ಒಬ್ಬ ಶ್ರೋತೃ ಇದ್ದಳಲ್ಲ! ನನಗೆ ಅಳುವೇ ಬಂತು. ಬಂದವನೆದುರು ಕೆಮ್ಮಿ ಮರೆಸಿದೆ. ಕೆಂಪು ಸುಂದರಿ ಶಿಗ್ಗಾಂವಿ ಬಸ್ಸು ಹತ್ತಿದಳು.

ಮರುವಾರ ನೆರೆಮನೆಯ ಹಿರಿಯರು ಬಂದವರು, ತೊಟ್ಟಿಲಿನ ಪಕ್ಕ ಹಗ್ಗದಿಂದ ಗೋಡೆಗೆ ಬಿಗಿದಿದ್ದ ಗಿಟಾರನ್ನು ಕಂಡು ಎಣಿಸತೊಡಗಿದರು. ಬಿರಡೆ ಆರು, ತಂತಿ ನಾಲ್ಕು. "ಇನ್ನೆರಡು ಎಲ್ಲಿ ಮಾಸ್ತರ?" ನಾನು ಎಂದಿನ ವಿವರಣೆಗೆ ಬಾಯಿ ತೆರೆಯುವ ಮುನ್ನವೇ ಶಾಂತಾ ತುಟಿಗೆ ಬೆರಳಿಟ್ಟಳು.

"ಅವೆರಡೂ ಮಲಗ್ಯಾವ್ರಿ. ಸಾವಕಾಶ ಮಾತಾಡ್ರಿ."