ಬಿಚ್ಚಿದ ಗಳ

ಅರವತ್ತರ ದಶಕದ ಕೊನೆ. ಕೊಳ್ಳೇಗಾಲದ ರೇಷ್ಮೆ ನೂಲಿನ ಕಾರ್ಖಾನೆಯೊಂದಕ್ಕೆ ಮೇಲಂತಸ್ತು ಕಟ್ಟಿಸುತ್ತಿದ್ದರು. ಕೆಲಸ ನೋಡಿಕೊಳ್ಳುವ ಸೂಪರ್‌ವೈಸರ್ ನಾನೇ. ಇಪ್ಪತ್ತಾರು ವಯಸ್ಸು, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಒಂದು ದಿನ ಕಾರ್ಖಾನೆ ಇಲಾಖೆಯ ಇನ್ಸ್‌ಪೆಕ್ಟರು ಬಂದು, ಗೋಡೆ ಕಟ್ಟಲು ನಿಲ್ಲಿಸಿದ್ದ ಸಾರವೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. ಹಗ್ಗ ಬಿಗಿದ ಸರ್ವೆ ಮರದ ಕಂಬ, ನಿಲ್ಲಲು ಎರಡು ಹಲಗೆ, ಬೆನ್ನ ಹಿಂದೆ ಬರೀ ಗಾಳಿ. ಸೊಂಟದೆತ್ತರಕ್ಕೆ ಅಡ್ಡಲಾಗಿ ಗಳ ಕಟ್ಟಲೇಬೇಕು, ಇದು ಕಾನೂನು ಎಂದು ಪುಸ್ತಕದಲ್ಲಿ ಬರೆದು ಹೋದರು. ಸಂಜೆಯೇ ಬಿದಿರಿನ ಗಳ ಕಟ್ಟಿಸಿದೆ.

ಹೆಂಗಸರಿಗೆ ಅದು ಹಿಡಿಸಲಿಲ್ಲ. ಅವರು ಸಾರವೆಯ ಹಂತಕ್ಕೊಬ್ಬರಂತೆ ನಿಂತು ಗಾರೆಯ ಬಾಂಡ್ಲಿಯನ್ನು ಕೈಯಿಂದ ಕೈಗೆ ಮೇಲಕ್ಕೆ ಸಾಗಿಸುವವರು. ಈಗ ಪ್ರತಿ ಬಾಂಡ್ಲಿಗೂ ಬಗ್ಗಿ, ಗಳದ ಕೆಳಗಿನಿಂದ ಎಳೆದುಕೊಳ್ಳಬೇಕು. ಎಲ್ಲರಿಗಿಂತ ಹೆಚ್ಚು ಗೊಣಗಿದಾಕೆ ಕಾಮಗೆರೆಯಿಂದ ಬರುತ್ತಿದ್ದವಳು, ನನ್ನ ಅಮ್ಮನ ವಯಸ್ಸಿನವಳು.

“ಬಗ್ಗಿ ಬಗ್ಗಿ ಸೊಂಟ ಬಿದ್ದೋಯ್ತು ಸಾ. ಬಿಚ್ಚಾಕ್ಸಿ.”

ಒಂದು ವಾರ ತಡೆದೆ. ಆಮೇಲೆ ಕನಿಕರವೋ, ಕೆಲಸ ಹಿಂದೆ ಬೀಳುತ್ತಿದೆ ಎಂಬ ಆತುರವೋ, ಅವರು ಊಟಕ್ಕೆ ಕೂತಿದ್ದಾಗ ನಾನೇ ಮೇಲೆ ಹತ್ತಿ, ಗಳದ ಹಗ್ಗ ಬಿಚ್ಚಿದೆ. “ನಿಮ್ ಒಟ್ಟೆ ತಣ್ಗಿರ್ಲಿ ಸಾ,” ಎಂದು ಆಕೆ ನಕ್ಕಳು.

ಆ ಒಂದು ವಾರದಲ್ಲಿ ಗಳ ಆಕೆಯ ಬೆನ್ನಿಗೆ ಅಭ್ಯಾಸವಾಗಿಹೋಗಿತ್ತು. ಅದು ಆಕೆಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಊಟವಾದ ಮೇಲಿನ ನಾಲ್ಕನೆಯ ಬಾಂಡ್ಲಿ ದಾಟಿಸಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, ದಿನವೂ ಒರಗುತ್ತಿದ್ದಂತೆ ಹಿಂದಕ್ಕೆ ಒರಗಿದಳು.

ಬಿದ್ದ ಪೆಟ್ಟಿಗೆ ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರು ಆಕೆಯ ಮಂಚದ ಪಕ್ಕ ಕೂತು, “ಗಳ ಬಿಚ್ಚಿದ್ದು ಯಾರಮ್ಮ?” ಎಂದರು. ನಾನು ಬಾಗಿಲಲ್ಲಿ ನಿಂತಿದ್ದೆ. ಆಕೆ ನನ್ನ ಕಡೆ ನೋಡಲೇ ಇಲ್ಲ.

“ನಾನೇ ಕಣ್ ಸಾ. ಅಡ್ಡ ಆಯ್ತಿತ್ತು, ಬಿಚ್ಚಾಕ್ಬುಟ್ಟೆ.”

ನನಗೆ ಹೋದ ಜೀವ ಬಂದಂತಾಯಿತು. ಥೂ, ಆ ಸಮಾಧಾನ ನೆನೆದರೆ ಈಗಲೂ ನನ್ನ ಮೇಲೆ ನನಗೇ ಮೈ ಉರಿಯುತ್ತದೆ. ಪರಿಹಾರದ ಕಾನೂನಿನಲ್ಲಿ ಒಂದು ಮಾತಿತ್ತು: ಕಾಪಾಡಲೆಂದು ಕಟ್ಟಿದ್ದನ್ನು ಕೆಲಸಗಾರರೇ ಬೇಕೆಂದು ತೆಗೆದು ಪೆಟ್ಟು ಮಾಡಿಕೊಂಡರೆ, ಮಾಲೀಕರು ಪರಿಹಾರ ಕೊಡಬೇಕಿಲ್ಲ. ಅದು ಆಕೆಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ಆಕೆಗೆ ಏನೂ ಸಿಗಲಿಲ್ಲ.

ವರ್ಷ ಕಳೆದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು, ಕೋಲು ಊರಿಕೊಂಡು. ನಾನು ಮುಖ ತಪ್ಪಿಸುವಷ್ಟರಲ್ಲಿ ಆಕೆಯೇ ಕೂಗಿದಳು.

“ನಿಮ್ ಕೆಲ್ಸ ಅದಾ ಸಾ?”

“ಇದೆ ಕಣಮ್ಮ.”

“ಅಷ್ಟ್ ಸಾಕು ಬುಡಿ.”

ಬಸ್ಸು ಬಂತು. ಹತ್ತಿಸಲು ಕೈ ನೀಡಿದೆ. ಆಕೆ ನನ್ನ ಕೈ ಹಿಡಿಯಲಿಲ್ಲ. ಬಾಗಿಲ ಕಂಬಿಯನ್ನು ಎರಡು ಸಲ ಅಲುಗಾಡಿಸಿ ನೋಡಿ, ಆಮೇಲೆ ಅದನ್ನು ಹಿಡಿದು ಹತ್ತಿದಳು.