ಎರಡು ಸಮುದ್ರದ ಸೂರು

ನಮ್ಮ ಚಿಕ್ಕಮ್ಮ ಕ್ಯಾಲೆಂಡರ್ ಪ್ರೆಸ್ಸಿನಲ್ಲಿ ತಾರೀಖುಗಳ ಬೆನ್ನು ಬರೆಯುವವಳು. ದಿನಕ್ಕೊಂದು ಹಾಳೆ ಹರಿಯುವ ಗೋಡೆ ಕ್ಯಾಲೆಂಡರ್ ನಿಮ್ಮ ಮನೆಯಲ್ಲೂ ಇರಬಹುದು. ಹರಿದ ಹಾಳೆ ತಿರುಗಿಸಿದರೆ ‘ನಮ್ಮ ದೇಶ ನಿಮಗೆಷ್ಟು ಗೊತ್ತು?’ ಎಂದು ನಾಲ್ಕು ಸಾಲು ಇರುತ್ತದಲ್ಲ, ಅದು ಅವಳದು. ಭೂಕಂಪದಲ್ಲಿ ನದಿಯೇ ಪಕ್ಕಕ್ಕೆ ಸರಿದು ಒಣ ನೆಲದ ಮೇಲೆ ಉಳಿದ ಸೇತುವೆ, ಶಿಳ್ಳೆಯಲ್ಲೇ ಜಗಳವಾಡಿ ಶಿಳ್ಳೆಯಲ್ಲೇ ರಾಜಿಯಾಗುವ ಕಣಿವೆಯ ಜನ, ಒಂದೇ ದಿನ ರಾಜಧಾನಿಯಾಗಿದ್ದು ಇವತ್ತಿಗೂ ಆ ಜಂಬ ಬಿಡದ ಊರು, ಇಂಥವು ವರ್ಷಕ್ಕೆ ಮುನ್ನೂರ ಅರವತ್ತೈದು. ಇಪ್ಪತ್ತೆರಡು ವರ್ಷದಿಂದ ಬರೆಯುತ್ತಿದ್ದಾಳೆ. ಇಡೀ ದೇಶವನ್ನೇ ಬಲ್ಲ ಈ ಮಹಾತಾಯಿ ನಮ್ಮೂರ ಬಸ್ ಸ್ಟ್ಯಾಂಡ್ ದಾಟಿದ್ದು ಮಾತ್ರ ನಾಲ್ಕೈದು ಸಲ.

ಅವಳದೊಂದು ಕಟ್ಟುನಿಟ್ಟು: ಒಂದು ಸಂಗತಿಗೆ ಎರಡು ಸಾಕ್ಷಿ ಬೇಕು. ಎರಡು ಪುಸ್ತಕವಾದರೂ ಸರಿ, ಕಣ್ಣಾರೆ ಕಂಡ ಇಬ್ಬರಾದರೂ ಸರಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆಯನ್ನು ಅವಳಷ್ಟು ಗಟ್ಟಿಯಾಗಿ ಹಿಡಿದವರನ್ನು ನಾನು ಕಂಡಿಲ್ಲ. ಒಂದೇ ಸಾಕ್ಷಿ ಇರುವ ಚೀಟಿ ಅವಳ ಮೇಜಿನ ತಗಡಿನ ಡಬ್ಬಿಗೆ ಬೀಳುತ್ತದೆ. ಆ ಡಬ್ಬಿಯ ತಳದಲ್ಲಿ ಮೊದಲ ವರ್ಷದಿಂದಲೂ ಬಿದ್ದಿದ್ದದ್ದು ಅವಳ ಅಪ್ಪ, ಅಂದರೆ ನಮ್ಮ ತಾತ, ಹೇಳಿದ ಸಂಗತಿ.

ತಾತ ಲಾರಿ ಓಡಿಸಿದವನು. ಬೆಟ್ಟದ ಏರು ಮುಗಿಯುವ ತುದಿಯಲ್ಲಿ ಒಂದು ಚಹಾದಂಗಡಿ ಇದೆಯಂತೆ. ಅದರ ಸೂರಿನ ಈಚೆ ಬಿದ್ದ ಮಳೆ ಪೂರ್ವದ ಸಮುದ್ರಕ್ಕೆ, ಆಚೆ ಬಿದ್ದದ್ದು ಪಶ್ಚಿಮದ ಸಮುದ್ರಕ್ಕೆ ಹೋಗುತ್ತದಂತೆ. ಬೀದಿಯವರು ನಕ್ಕು ಅವನಿಗೆ ‘ಬುರುಡೆ ಡ್ರೈವರ್’ ಎಂದು ಹೆಸರಿಟ್ಟರು. ತಾತನೂ ಅವರೊಂದಿಗೆ ನಗುತ್ತಿದ್ದ. ಆದರೆ ಪ್ರತಿ ವರ್ಷ ಹೊಸ ಕ್ಯಾಲೆಂಡರ್ ಬಂದಾಗ, “ನನ್ದು ಹಾಕಿದ್ಯಾ?” ಎಂದು ಮಗಳನ್ನು ಕೇಳಿ, ಅವಳು “ಇನ್ನೊಂದು ಸಾಕ್ಷಿ ಎಲ್ಲಪ್ಪಾ?” ಎಂದಾಗ ಮಾತ್ರ ನಗುತ್ತಿರಲಿಲ್ಲ. ಊರು ನಂಬದಿದ್ದರೆ ಹೋಗಲಿ, ಹೆತ್ತ ಮಗಳೂ ನಂಬಲಿಲ್ಲವಲ್ಲ ಎನ್ನುವುದು ಅವನ ಸಂಕಟ.

ಕಳೆದ ವರ್ಷ ಅಚ್ಚಿಗೆ ಮೂರು ದಿನ ಇರುವಾಗ ಆಗಸ್ಟ್ ಒಂಬತ್ತು ಕೈಕೊಟ್ಟಿತು. ಅದರ ಬೆನ್ನಿಗೆ ಬರೆದಿದ್ದ ಹಳೇ ದೀಪಸ್ತಂಭವನ್ನು ಯಾವಾಗಲೋ ಕೆಡವಿದ್ದಾರೆಂದು ತಿಳಿಯಿತು. ಚಿಕ್ಕಮ್ಮ ಊಟ ಬಿಟ್ಟು ತಲೆಯ ಮೇಲೆ ಕೈಹೊತ್ತು ಕೂತಳು.

“ಸಾಕ್ಷಿ ತಾನೇ ಬೇಕು? ನಡಿ, ನೀನೇ ನೋಡು,” ಎಂದ ತಾತ.

ಮರುದಿನ ಬೆಳಗಿನ ಬಸ್ಸಿಗೆ ಮೂವರೂ ಹೊರಟೆವು. ದಾರಿಯುದ್ದಕ್ಕೂ ತಾತ ತಿರುವುಗಳನ್ನು ಮೊದಲೇ ಹೇಳಿ ಡ್ರೈವರನ ತಲೆ ತಿಂದ. ತುದಿಯಲ್ಲಿ ಅಂಗಡಿ ನಿಜಕ್ಕೂ ಇತ್ತು. ಅಂಗಡಿಯಾಕೆ ಏಣಿ ಕೊಟ್ಟಳು. ನಾನು ಹತ್ತಿ ಸೂರಿನ ನೆತ್ತಿಗೆ ಒಂದು ಬಕೆಟ್ ನೀರು ಸುರಿದೆ. ಈಚೆಯ ನೀರು ಪೂರ್ವದ ಚರಂಡಿಗೆ ಇಳಿಯಿತು. ಆಚೆಯ ನೀರು ಅಂಗಡಿಯ ಹಿಂದೆ ಸುತ್ತಿ ಬಂದು ಅದೇ ಚರಂಡಿ ಸೇರಿತು.

ಚಿಕ್ಕಮ್ಮ ಪೆನ್ನಿನ ಮುಚ್ಚಳ ಹಾಕಿದಳು. ತಾತ ಬೆಂಚಿನ ಮೇಲೆ ಕುಸಿದು ಕೂತ. ಸುಳ್ಳೇಕೆ ಹೇಳಲಿ, ಏಣಿಯ ಮೇಲೇ ನನಗೆ ಅಳು ಬಂತು.

“ನೀವು ನೋಡಿದ್ದು ಯಾವ ಕಾಲದಲ್ಲಿ ಅಜ್ಜಾ?” ಎಂದು ಅಂಗಡಿಯಾಕೆ ಕೇಳಿದಳು. “ರಸ್ತೆ ಅಗಲ ಮಾಡೋವಾಗ ಅಂಗಡಿ ಕೆಳಕ್ಕೆ ತಂದ್ವಿ. ನಮ್ಮತ್ತೆ ಕಾಲದಲ್ಲಿ ಅಗೋ, ಆ ದಿಣ್ಣೆ ಮೇಲಿತ್ತು.”

ತಾತ ನಮಗಿಂತ ಮೊದಲು ದಿಣ್ಣೆ ಹತ್ತಿದ. ಅಲ್ಲಿ ಸೂರಿಲ್ಲ, ಗೋಡೆಯಿಲ್ಲ, ಒಲೆಯ ಮಸಿ ಉಳಿದ ಒಂದು ಗಾರೆ ನೆಲ. ಈ ಸಲ ಚಿಕ್ಕಮ್ಮನೇ ನಡುವಿಗೆ ನೀರು ಸುರಿದಳು. ಅದು ಎರಡಾಗಿ ಸೀಳಿ ಒಂದು ಈಚೆ, ಒಂದು ಆಚೆ ಹರಿಯಿತು. ಆಚೆಯ ನೀರಿನ ಜಾಡು ಹಿಡಿದು ಇಳಿದವಳು ಅರ್ಧ ಗಂಟೆಯ ಮೇಲೆ ಬಟ್ಟೆ ತುಂಬ ಮುಳ್ಳು ಅಂಟಿಸಿಕೊಂಡು ಬಂದಳು. ಕೆಳಗಿನ ಹಳ್ಳ ಪಶ್ಚಿಮಕ್ಕೇ ಹೋಗುತ್ತದೆಂದು ತನ್ನ ನಕ್ಷೆಯಲ್ಲೂ ಬೆರಳಿಟ್ಟು ನೋಡಿದಳು.

“ಅಪ್ಪಾ, ನೀನು ಹೇಳಿದ್ದು ನಿಜ. ಆದ್ರೆ ಸೂರು ಅಂತ ಬರೆಯಕ್ಕಾಗಲ್ಲ, ಸೂರಿಲ್ವಲ್ಲ.”

“ನೆಲ ಅಂತಾನೇ ಬರಿ ತಾಯಿ. ನೀನು ಹಿಡಿದ ಮೊಲಕ್ಕೆ ಮೂರೇ ಕಾಲು!” ಎಂದು ತಾತ ನಕ್ಕ, ಕಣ್ಣೊರೆಸಿಕೊಂಡ.

ಸಾಕ್ಷಿಗಳನ್ನು ಅವಳು ಯಾವತ್ತೂ ಅಚ್ಚು ಹಾಕಿದವಳಲ್ಲ. ಈ ಒಂದಕ್ಕೆ ಮಾತ್ರ ಕೊನೆಯಲ್ಲಿ ಹಾಕಿದಳು: ‘ಕಂಡವರು: ಒಬ್ಬ ಲಾರಿ ಡ್ರೈವರ್, ಮತ್ತು ತಡವಾಗಿ ಹೋದ ಅವನ ಮಗಳು.’

ಈ ವರ್ಷ ಆಗಸ್ಟ್ ಹತ್ತರ ಬೆಳಿಗ್ಗೆ ತಾತ ಒಂಬತ್ತನ್ನು ಹರಿದು, ಬೆನ್ನು ಮುಂದಾಗಿಸಿ, ಹತ್ತು ಮುಚ್ಚುವಂತೆ ಮತ್ತೆ ಅದೇ ಮೊಳೆಗೆ ಸಿಕ್ಕಿಸಿದ. ತಾರೀಖು ಕೇಳಿದವರು ಮೊದಲು ಅದನ್ನು ಗಟ್ಟಿಯಾಗಿ ಓದಬೇಕು, ಬೀದಿಯವರಂತೂ ಎರಡು ಸಲ. ನಮ್ಮ ಮನೆಗೆ ಆಗಸ್ಟ್ ಹತ್ತು ಇನ್ನೂ ಬಂದಿಲ್ಲ. ನಾನು ಹಲ್ಲಿನ ಡಾಕ್ಟರ ಹತ್ತಿರ ಮೂರು ದಿನ ತಡವಾಗಿ ಹೋದೆ. ಅಷ್ಟು ಲೆಕ್ಕಾಚಾರದ ಚಿಕ್ಕಮ್ಮ ಕೂಡ ಆ ಹಾಳೆಯನ್ನು ತೆಗೆಯೆಂದು ಒಂದು ಮಾತೂ ಹೇಳಿಲ್ಲ.